ಹಾಲು ಒಡೆದರೆ ನಷ್ಟವಲ್ಲ: ಕಾಶಿಯ ಛೇನಾ, ನಮ್ಮ ಪನೀರು

ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ಗಾದೆ. ನಮ್ಮ ಹೋಟೆಲುಗಳಲ್ಲಿ ಹಾಲು ಒಡೆದರೂ ಹೋದಂತೆಯೇ. ಬೆಳಗಿನ ಕಾಫಿಗೆ ಇಟ್ಟ ಹಾಲು ಒಡೆಯಿತೆಂದರೆ ಗಲ್ಲಾದಲ್ಲಿ ಕುಳಿತ ಮಾಲೀಕರ ಮುಖ ಗಂಟಾಗುತ್ತದೆ, ಹಾಲಿನವನಿಗೆ ಫೋನು ಹೋಗುತ್ತದೆ. ಆದರೆ ಬೇಕೆಂದೇ ಹಾಲು ಒಡೆದು, ಅದನ್ನೇ ಸಿಹಿ ಮಾಡಿ ಮಾರಿ ಹೆಸರು ಗಳಿಸಿದ ಅಂಗಡಿಗಳೂ ಇವೆ. ಅವನ್ನು ನೋಡಬೇಕಾದರೆ ಕಾಶಿಗೆ ಹೋಗಬೇಕು.

ನಮ್ಮ ಸದಸ್ಯರಲ್ಲಿ ಅನೇಕರು ಕಾಶಿ ಯಾತ್ರೆ ಮುಗಿಸಿದವರು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಆರಂಭವಾದ ಮೇಲೆ ಹೊರಟವರೂ ಇದ್ದಾರೆ. ಗಂಗಾಸ್ನಾನ, ವಿಶ್ವನಾಥನ ದರ್ಶನ, ಅನ್ನಪೂರ್ಣೆಯ ದರ್ಶನ ಆದ ನಂತರ ಹೋಟೆಲಿನವರಾದ ನಮಗೆ ಇನ್ನೊಂದು ದರ್ಶನ ಉಳಿದಿರುತ್ತದೆ. ಅದೇ ಅಲ್ಲಿನ ಗಲ್ಲಿಗಳ ಒಲೆ ದರ್ಶನ. ಬೇರೆ ಊರಿಗೆ ಹೋದರೂ ನಮ್ಮ ಕಣ್ಣು ಮೊದಲು ಬೀಳುವುದು ಬಾಣಲೆಯ ಮೇಲೆ ತಾನೆ!

ಒಂದೇ ಹಾಲು, ಮೂರು ದಾರಿ

ಕಾಶಿಯ ಹಾಲಿನ ವ್ಯಾಪಾರವನ್ನು ಗಮನಿಸಿದರೆ ಮೂರು ದಾರಿ ಕಾಣುತ್ತವೆ. ಮೊದಲನೆಯದು ಹಾಲನ್ನು ಬತ್ತಿಸುವುದು. ಖೋವಾ, ರಬ್ಡಿ, ಪೇಡಾ ಎಲ್ಲವೂ ಈ ದಾರಿಯವು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಟ್ಟಿದ ಬನಾರಸಿನ ತಿರಂಗಾ ಬರ್ಫಿಯೂ ಖೋವಾದ್ದೇ. ಕೇಸರಿ ಬಣ್ಣಕ್ಕೆ ಕೇಸರಿ, ಹಸಿರಿಗೆ ಪಿಸ್ತಾ, ನಡುವಿನ ಬಿಳುಪಿಗೆ ಖೋವಾ ಮತ್ತು ಗೋಡಂಬಿ. ಇದಕ್ಕೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಎರಡನೆಯದು ಹಾಲನ್ನು ನೊರೆ ಮಾಡುವುದು. ಕಾಯಿಸಿದ ಹಾಲನ್ನು ಚಳಿಗಾಲದ ರಾತ್ರಿ ಬಯಲಲ್ಲಿಟ್ಟು, ಇಬ್ಬನಿ ಬಿದ್ದ ಮೇಲೆ ಬೆಳಗಿನ ಜಾವ ಕಡೆದು, ಮಣ್ಣಿನ ಕುಡಿಕೆಯಲ್ಲಿ ಕೊಡುವ ಮಲೈಯೋ ಈ ಬಗೆಯದು. ಚಳಿ ಹೋದರೆ ಮಲೈಯೋ ಕೂಡ ಹೋಯಿತು.

ಮೂರನೆಯ ದಾರಿಯೇ ಒಡೆಯುವುದು. ಹುಳಿ ಹಾಕಿ ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿದರೆ ಸಿಗುವುದು ಛೇನಾ. ರಸಗುಲ್ಲ, ಚಮಚಮ್, ಸಂದೇಶ್, ರಸಮಲಾಯಿ ಎಲ್ಲದರ ತಾಯಿ ಇದು. ಕಾಶಿಯಲ್ಲಿ ಬಂಗಾಳಿಗಳು ತಲೆಮಾರುಗಳಿಂದ ನೆಲೆಸಿದ ಬಂಗಾಲಿ ಟೋಲಾ ಎಂಬ ಮೊಹಲ್ಲವಿದೆ. ನಮ್ಮ ಜಂಗಮವಾಡಿ ಮಠದಿಂದ ನಡೆದೇ ಹೋಗುವಷ್ಟು ಹತ್ತಿರ. ಛೇನಾದ ರುಚಿ ಈ ಊರಿನ ನಾಲಿಗೆಗೆ ಹತ್ತಿದ್ದರಲ್ಲಿ ಅವರ ಪಾಲು ದೊಡ್ಡದು.

ಅಂಗಡಿಯೊಂದರ ಮುಂದೆ ನಿಂತು ನಾವು ನೋಡಿದ್ದು ಸರಳವಾದ ಕೆಲಸ. ಬೆಳಿಗ್ಗೆ ಬಂದ ಹಾಲನ್ನು ಆಗಲೇ ಕಾಯಿಸಿ ಒಡೆದರು, ಬಟ್ಟೆಗೆ ಕಟ್ಟಿ ತೂಗುಹಾಕಿದರು, ಇಳಿದ ಮೇಲೆ ಅಂಗೈಯ ಬುಡದಿಂದ ನಾದಿದರು, ಉಂಡೆ ಕಟ್ಟಿ ಪಾಕಕ್ಕೆ ಬಿಟ್ಟರು. ಎಲ್ಲವೂ ಗಿರಾಕಿಯ ಕಣ್ಣೆದುರೇ. ನಾಳೆಗೆ ಇಡುತ್ತೀರಾ ಎಂದು ಕೇಳಿದೆವು. ನಾಳೆಗೆ ನಾಳೆಯ ಹಾಲು ಬರುತ್ತದೆ ಎಂಬ ಉತ್ತರ ಬಂತು. ವ್ಯಾಪಾರದ ಗುಟ್ಟೆಲ್ಲ ಆ ಮಾತಿನಲ್ಲೇ ಇತ್ತು.

ಇದು ನಮ್ಮ ವಿದ್ಯೆಯೂ ಹೌದು

ಹಾಲು ಒಡೆಯುವುದನ್ನು ಬಂಗಾಳಕ್ಕೆ ಕಲಿಸಿದವರು ಪೋರ್ಚುಗೀಸರು ಎಂಬ ಮಾತು ಪ್ರಚಲಿತವಾಗಿದೆ. ಹಾಲನ್ನು ಹುಳಿ ಹಾಕಿ ಕೆಡಿಸಬಾರದೆಂಬ ಹಳೆಯ ನಿಷೇಧ ಅವರಿಂದ ಸಡಿಲವಾಯಿತೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯನವರು ಬರೆದರು. ಆದರೆ ಕನ್ನಡನಾಡಿನ ಗ್ರಂಥಗಳು ಅದಕ್ಕಿಂತ ಬಹಳ ಹಿಂದಿನ ಸಾಕ್ಷ್ಯ ಹೇಳುತ್ತವೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಎಮ್ಮೆಯ ಹಾಲನ್ನು ಗಿಡಗಳ ಬೇರು, ಎಲೆಗಳಿಂದ ಗಟ್ಟಿಗೊಳಿಸಿ ಸಿಹಿತಿಂಡಿ ಮಾಡುವ ವಿಧಾನಗಳಿವೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕ್ಷೀರಪ್ರಕಾರ ಎಂಬ ತಿಂಡಿ ಬರುತ್ತದೆ. ಕಾದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿ ಹಿಟ್ಟು ಬೆರೆಸಿ, ತುಪ್ಪದಲ್ಲಿ ಕರಿದು ಸಕ್ಕರೆ ಸೇರಿಸುವುದು. ಇಂದಿನ ಛೇನಾ ಸಿಹಿಗೂ ಇದಕ್ಕೂ ಎಷ್ಟು ದೂರ? ಆದ್ದರಿಂದ ಪನೀರು ಉತ್ತರದವರದು, ನಮ್ಮದಲ್ಲ ಎಂದು ಸಂಕೋಚಪಡಬೇಕಾಗಿಲ್ಲ. ಹೊಸದಾಗಿ ಕರು ಹಾಕಿದ ಹಸುವಿನ ಹಾಲಿನ ಗಿಣ್ಣು ತಿಂದು ಬೆಳೆದವರಿಗೆ ಗಟ್ಟಿ ಹಾಲಿನ ರುಚಿ ಹೊಸದೇನೂ ಅಲ್ಲ.

ವಿದೇಶದ ಅನೇಕ ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಮಾಡುತ್ತಾರೆ. ನಮ್ಮ ಛೇನಾ, ಪನೀರುಗಳಿಗೆ ನಿಂಬೆಯೋ ಹುಳಿ ಮಜ್ಜಿಗೆಯೋ ಸಾಕು. ಸಸ್ಯಾಹಾರಿ ಹೋಟೆಲಿಗೆ ಇದಕ್ಕಿಂತ ನಿಶ್ಚಿಂತೆಯ ಚೀಸ್ ಬೇರಿಲ್ಲ.

ಅಗ್ಗದ ಪನೀರಿನ ಲೆಕ್ಕ

ಈಗ ಕಹಿಯಾದರೂ ಹೇಳಲೇಬೇಕಾದ ಮಾತು. ಒಂದು ಕಾಲಕ್ಕೆ ಇಡ್ಲಿ, ದೋಸೆ, ಊಟದಲ್ಲಿ ಮುಗಿಯುತ್ತಿದ್ದ ನಮ್ಮ ಮೆನುವಿನಲ್ಲಿ ಇಂದು ಪನೀರ್ ಬಟರ್ ಮಸಾಲೆಯಿಂದ ಪನೀರ್ ದೋಸೆಯವರೆಗೆ ಪನೀರಿನದೇ ಒಂದು ಪಟ್ಟಿ ಇದೆ. ಬೇಡಿಕೆ ಹೆಚ್ಚಿದಂತೆ ಅಗ್ಗದ ಮಾಲೂ ಬಾಗಿಲಿಗೆ ಬಂದಿದೆ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಸೇರಿಸಿದ 'ಅನಲಾಗ್' ನೋಡಲು ಪನೀರಿನಂತೆಯೇ ಇರುತ್ತದೆ. ಸರಿಯಾದ ಲೇಬಲ್ಲಿನಡಿ ಅದನ್ನು ಮಾರುವುದು ಬೇರೆ, ಪನೀರೆಂದು ಹೇಳಿ ತಟ್ಟೆಗೆ ಹಾಕುವುದು ಬೇರೆ.

ಕಾನೂನು ಸ್ಪಷ್ಟವಾಗಿದೆ. ಸಾಮಾನ್ಯ ಪನೀರಿನಲ್ಲಿ ನೀರಿನಂಶ ಬಿಟ್ಟು ಉಳಿಯುವ ಘನಪದಾರ್ಥದಲ್ಲಿ ಕನಿಷ್ಠ ಶೇ. 50ರಷ್ಟು ಹಾಲಿನ ಕೊಬ್ಬೇ ಇರಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 51ನೇ ಕಲಮಿನಂತೆ ಕಳಪೆ ಗುಣಮಟ್ಟದ ಆಹಾರಕ್ಕೆ 5 ಲಕ್ಷ ರೂ.ವರೆಗೆ, 52ನೇ ಕಲಮಿನಂತೆ ತಪ್ಪು ಹೆಸರಿನ ಆಹಾರಕ್ಕೆ 3 ಲಕ್ಷ ರೂ.ವರೆಗೆ ದಂಡವಿದೆ. ಸಪ್ಲೈಯರ್ ಮೋಸ ಮಾಡಿದನೆಂದು ನಾವು ಹೇಳಬಹುದು, ಆದರೆ ಸ್ಯಾಂಪಲ್ ತೆಗೆಯುವುದು ನಮ್ಮ ಫ್ರಿಜ್ಜಿನಿಂದ, ಪೇಪರಿನಲ್ಲಿ ಬರುವುದು ನಮ್ಮ ಬೋರ್ಡಿನ ಹೆಸರು.

ಅಸಲಿ ಯಾವುದೆಂದು ತಿಳಿಯಲು ಮೊದಲ ಪರೀಕ್ಷೆ ಪೆನ್ನು, ಕಾಗದದ್ದು. ಒಳ್ಳೆಯ ಎಮ್ಮೆ ಹಾಲು 10 ಲೀಟರಿಗೆ ಸುಮಾರು 2 ಕೆ.ಜಿ. ಪನೀರು ಬರುತ್ತದೆ. ಹಸುವಿನ ಹಾಲಿನಲ್ಲಿ ಇನ್ನೂ ಕಡಿಮೆ. ಹಾಲು ಲೀಟರಿಗೆ 60 ರೂ. ಎಂದಿಟ್ಟುಕೊಂಡರೆ ಹಾಲಿನ ಖರ್ಚೇ ಕೆ.ಜಿ.ಗೆ 300 ರೂ. ಗ್ಯಾಸು, ಕೂಲಿ, ಸಾಗಾಟ ಬೇರೆ. ಹೀಗಿರುವಾಗ 200 ರೂ.ಗೆ ಕೊಡುತ್ತೇನೆಂದು ಬಂದವನ ಡಬ್ಬದಲ್ಲಿ ಏನಿದ್ದೀತು? ನಿಮ್ಮ ಊರಿನ ಹಾಲಿನ ದರ ಹಾಕಿ ಲೆಕ್ಕ ಮಾಡಿ ನೋಡಿ. ಎರಡನೆಯದಾಗಿ, ಚೂರೊಂದನ್ನು ನೀರಿನಲ್ಲಿ ಕುದಿಸಿ, ಆರಿಸಿ, ಅಯೋಡಿನ್ ಹನಿ ಬಿಡಿ. ನೀಲಿಗೆ ತಿರುಗಿದರೆ ಪಿಷ್ಟ ಬೆರೆತಿದೆ. ಎಣ್ಣೆಯ ಬೆರಕೆ ಮಾತ್ರ ಇದರಿಂದ ತಿಳಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದ್ದರಿಂದ ಲೈಸೆನ್ಸ್ ನಂಬರ್ ಇರುವ ಸಪ್ಲೈಯರಿಂದಲೇ, ಬಿಲ್ಲಿನಲ್ಲಿ 'ಪನೀರು' ಎಂದು ಬರೆಸಿಕೊಂಡೇ ಮಾಲು ಇಳಿಸಿಕೊಳ್ಳಿ.

ನಮ್ಮ ಕಿಚನ್ನಿನಲ್ಲೇ ಮಾಡಿದರೆ

ದಿನಕ್ಕೆ ಐದಾರು ಕೆ.ಜಿ. ಬೇಕಾಗುವ ಹೋಟೆಲಿನಲ್ಲಿ ಸ್ವಂತವಾಗಿ ಮಾಡುವುದು ಕಷ್ಟವಲ್ಲ. ಎಮ್ಮೆ ಹಾಲನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 75 ಡಿಗ್ರಿ ಆಸುಪಾಸಿಗೆ ಇಳಿಸಿ. ಲೀಟರಿಗೆ ಸುಮಾರು 2 ಗ್ರಾಂ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ನಿಧಾನವಾಗಿ ಹಾಕುತ್ತಾ ಕಲಕಿ. ನೀರು ತಿಳಿ ಹಸಿರಾಗಿ ಬೇರ್ಪಟ್ಟ ಕೂಡಲೇ ಹುಳಿ ನಿಲ್ಲಿಸಿ, ಬಟ್ಟೆಗೆ ಸುರಿದು ಭಾರ ಹೇರಿ, ಗಟ್ಟಿಯಾದ ಮೇಲೆ ತಣ್ಣೀರಿನಲ್ಲಿ ಎರಡು ಮೂರು ಗಂಟೆ ಮುಳುಗಿಸಿಡಿ. ಹುಳಿ ಹೆಚ್ಚಾದರೆ ಪನೀರು ಹುಳಿಯಾಗುತ್ತದೆ, ಗಟ್ಟಿಯೂ ಆಗುತ್ತದೆ. ಸಿಹಿಗೆ ಬೇಕಾದ ಛೇನಾಕ್ಕೆ ಹಸುವಿನ ಹಾಲೇ ಆಗಬೇಕು. ಭಾರ ಹೇರದೆ ತೂಗುಹಾಕಿದರೆ ಸಾಕು, ಮೆತ್ತಗಿರುತ್ತದೆ.

ಉಳಿದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು, ಗ್ರೇವಿಗೆ ಅದು ಒಳ್ಳೆಯದು. ಒಂದು ದಿನ ಹುಳಿ ಬರಿಸಿಟ್ಟರೆ ಮರುದಿನದ ಹಾಲು ಒಡೆಯಲೂ ಅದೇ ಸಾಕು. ಪನೀರನ್ನು ಫ್ರಿಜ್ಜಿನ ಹೊರಗೆ ಒಂದು ದಿನಕ್ಕಿಂತ ಹೆಚ್ಚು ನಂಬುವಂತಿಲ್ಲ. ಅಂದಂದಿನದು ಅಂದಂದಿಗೆ ಎಂಬ ಕಾಶಿಯವರ ನಿಯಮವೇ ನಮಗೂ ಇರಲಿ.

ಕೇಟರಿಂಗ್ ಮಾಡುವವರಿಗೆ ಇನ್ನೊಂದು ಸಲಹೆ. ಕಾಶಿಯಿಂದ ಮರಳಿದವರು ನೆಂಟರಿಷ್ಟರನ್ನು ಕರೆದು ಕಾಶಿ ಸಮಾರಾಧನೆ ಮಾಡುವ ಪದ್ಧತಿ ನಮ್ಮಲ್ಲಿದೆ. ಅಂಥ ಊಟದಲ್ಲಿ ಹೋಳಿಗೆ, ಲಾಡುಗಳ ಪಕ್ಕದಲ್ಲಿ ಕಾಶಿಯ ನೆನಪಿಗೆ ಛೇನಾದ ಒಂದು ಸಿಹಿ ಬಡಿಸಿ ನೋಡಿ. ಒಡೆದ ಹಾಲನ್ನು ನೈವೇದ್ಯಕ್ಕೆ ಒಪ್ಪದ ಮನೆಗಳೂ ಇವೆ, ಮುಂಚೆಯೇ ಕೇಳಿಕೊಳ್ಳುವುದು ಒಳಿತು.

ನಮ್ಮ ಹೋಟೆಲುಗಳ ಗಲ್ಲಾದ ಮೇಲೆ ಅನ್ನಪೂರ್ಣೆಯ ಪಟ ಇಟ್ಟು ದಿನವೂ ಹೂ ಮುಡಿಸುತ್ತೇವೆ. ಕೈಯಲ್ಲಿ ಸೌಟು ಹಿಡಿದ ಆ ತಾಯಿಯ ಕೆಳಗೆ ಕುಳಿತು, ಎಣ್ಣೆಯ ಗಟ್ಟಿಯನ್ನು ಹಾಲಿನದೆಂದು ಬಿಲ್ ಮಾಡಬಹುದೇ? ಬೆಲೆ ಹತ್ತು ರೂಪಾಯಿ ಹೆಚ್ಚಾದರೆ ಗ್ರಾಹಕರು ಗೊಣಗುತ್ತಾ ಕೊಟ್ಟಾರು. ನಂಬಿಕೆ ಒಡೆದರೆ ಮಾತ್ರ ಅದರಿಂದ ಯಾವ ಸಿಹಿಯನ್ನೂ ಮಾಡಲಾಗುವುದಿಲ್ಲ.