ಆಳದಿಂದ ಮೇಲೇರುವ ಕ್ರಮ: ಸ್ಕೂಬಾ ಶಿಕ್ಷಣದಲ್ಲಿ ಕಂಡುಬರುವ ಭೇದಗಳು

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ಕೆಳಗಿಳಿದವನ ರಕ್ತಮಾಂಸಗಳಲ್ಲಿ ಸಾರಜನಕವು ಆ ಒತ್ತಡಕ್ಕೆ ಅನುಗುಣವಾಗಿ ಕರಗುತ್ತದೆ. ಅವನು ತ್ವರೆಯಿಂದ ಮೇಲೇರಿದರೆ ಈ ಅನಿಲವು ಗುಳ್ಳೆಗಳಾಗಿ ಹೊರಬಿದ್ದು ಕೀಲುನೋವನ್ನೂ, ಕೈಕಾಲುಗಳ ಸ್ವಾಧೀನ ತಪ್ಪುವಿಕೆಯನ್ನೂ, ಕೆಲವೊಮ್ಮೆ ಮರಣವನ್ನೂ ತರಬಲ್ಲದು. ಫ್ರಾನ್ಸಿನ ಪೋಲ್ ಬೇರ್ 1878ರಲ್ಲಿಯೇ ಇದನ್ನು ಪ್ರತಿಪಾದಿಸಿದರು. ಮೂಲತತ್ತ್ವವು ಎಲ್ಲರಿಗೂ ಸಮ್ಮತವಾಗಿರುವಾಗ, ಮೇಲೇರುವ ಕ್ರಮವನ್ನು ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಬಗೆಯಾಗಿ ಬೋಧಿಸುವುದೇಕೆ?

ಬ್ರಿಟನ್ನಿನ ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿಗಳು ಆಡುಗಳ ಮೇಲೆ ಪ್ರಯೋಗ ನಡೆಸಿ, 1908ರಲ್ಲಿ ಮೊದಲ ಶಾಸ್ತ್ರೀಯ ಕೋಷ್ಟಕಗಳನ್ನು ಪ್ರಕಟಿಸಿದರು. ಅವರು ದೇಹವನ್ನು 5 ವಿಭಾಗಗಳೆಂದು ಭಾವಿಸಿ ಲೆಕ್ಕ ಹಾಕಿದರು. ಜ್ಯೂರಿಕ್‌ನ ಬ್ಯೂಲ್ಮಾನ್ ಮುಂದೆ 16 ವಿಭಾಗಗಳನ್ನು ಕಲ್ಪಿಸಿದರು. ಇವು ಗಣಿತದ ಸೌಕರ್ಯಕ್ಕಾಗಿ ಮಾಡಿಕೊಂಡ ವಿಭಾಗಗಳೇ ಹೊರತು ದೇಹದ ನಿಜವಾದ ಅಂಗಗಳಲ್ಲ. ಎಷ್ಟು ಅಪಾಯವನ್ನು ಸಹಿಸಬಹುದೆಂಬುದನ್ನು ಸೂತ್ರವು ತಾನಾಗಿ ಹೇಳಲಾರದು. ಅದನ್ನು ಕೋಷ್ಟಕ ರಚಿಸುವವರು ನಿರ್ಧರಿಸಬೇಕಾಗುತ್ತದೆ. ಭೇದಗಳಿಗೆ ಮುಖ್ಯ ಕಾರಣವು ಇದೇ.

ಪ್ಯಾಡಿ ಸಂಸ್ಥೆಯು ವಿನೋದಕ್ಕಾಗಿ ಮುಳುಗುವವರಿಗೆ, ಕಡ್ಡಾಯವಾಗಿ ತಂಗಬೇಕಾಗುವಷ್ಟು ಹೊತ್ತು ಆಳದಲ್ಲಿರಬಾರದೆಂದು ಕಲಿಸುತ್ತದೆ. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ಅಲ್ಲಿ ಹೆಚ್ಚಿನ ಎಚ್ಚರಿಕೆ ಮಾತ್ರ. ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿನ 1988ರ ಕೋಷ್ಟಕಗಳಲ್ಲಾದರೋ ಕಡ್ಡಾಯದ ತಂಗುವಿಕೆಯೂ ಕ್ರಮದ ಒಂದು ಅಂಗವೇ ಆಗಿದೆ. ಇನ್ನೂ ಆಳಕ್ಕಿಳಿಯುವ ತಾಂತ್ರಿಕ ಮುಳುಗುಗಾರರು ಹಲವು ಹಂತಗಳಲ್ಲಿ ತಂಗಿ, ಆಮ್ಲಜನಕ ಹೆಚ್ಚಾಗಿರುವ ಮಿಶ್ರಣಗಳನ್ನು ಉಸಿರಾಡಿ ಸಾರಜನಕವನ್ನು ಬೇಗ ಹೊರಹಾಕುತ್ತಾರೆ.

ರೂಢಿಯು ಪ್ರಮಾಣವನ್ನು ಮೀರಿ ನಡೆದ ಉದಾಹರಣೆಯೂ ಉಂಟು. ಹೆಚ್ಚಿನ ಆಳದಲ್ಲಿಯೇ ತಂಗುವಿಕೆಯನ್ನು ಆರಂಭಿಸುವುದು ಕ್ಷೇಮಕರವೆಂಬ ನಂಬಿಕೆ 1990ರ ದಶಕದಿಂದ ಹಬ್ಬಿತು. ಅಮೆರಿಕದ ನೌಕಾದಳವು ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ತಂಗುವ ಒಟ್ಟು ಕಾಲವು ಎರಡು ಕ್ರಮಗಳಲ್ಲಿಯೂ ಸಮನಾಗಿದ್ದಿತು. ಆದರೂ ಆಳದಲ್ಲಿ ತಂಗಿದ 198 ಮುಳುಗುಗಳಲ್ಲಿ 11 ಮಂದಿಗೆ ರೋಗ ಕಂಡುಬಂದರೆ, ಮೇಲ್ಮಟ್ಟದಲ್ಲಿ ತಂಗಿದ 192ರಲ್ಲಿ 3 ಮಂದಿಗೆ ಮಾತ್ರ ಕಂಡುಬಂದಿತು. ಆದುದರಿಂದ, ಹಿಂದೊಮ್ಮೆ ಕಲಿತುದನ್ನು ಪುನಃ ಪರಿಶೀಲಿಸದೆ ಅನುಸರಿಸುವುದು ಉಚಿತವಲ್ಲ.

ಭಿನ್ನ ಶಿಕ್ಷಣ ಪಡೆದ ಇಬ್ಬರು ಜೊತೆಯಾಗಿ ಇಳಿದಾಗ ತೊಡಕು ಪ್ರತ್ಯಕ್ಷವಾಗುತ್ತದೆ. ಒಬ್ಬನ ಗಣಕವು ಮೇಲೇರೆಂದು ಸೂಚಿಸುವಾಗ ಇನ್ನೊಬ್ಬನದು ಇನ್ನೂ ತಂಗೆಂದು ಹೇಳಬಹುದು. ನೀರಿನೊಳಗೆ ಚರ್ಚೆಗೆ ಅವಕಾಶವಿಲ್ಲ. ಸಿಲಿಂಡರಿನಲ್ಲಿರುವ ಗಾಳಿಯೂ ಮಿತವಾದುದು. ಆದಕಾರಣ ಇಳಿಯುವ ಮೊದಲೇ ಆಳ, ಕಾಲ, ತಂಗುವ ಸ್ಥಾನಗಳನ್ನು ಇಬ್ಬರೂ ಗೊತ್ತುಮಾಡಿಕೊಂಡು, ಎರಡು ಕ್ರಮಗಳಲ್ಲಿ ಹೆಚ್ಚು ಎಚ್ಚರಿಕೆಯದನ್ನೇ ಅನುಸರಿಸಬೇಕು. ಯಾವ ಕೋಷ್ಟಕವೂ ಪೂರ್ಣ ಅಭಯವನ್ನು ಕೊಡಲಾರದೆಂಬುದನ್ನು ಎಲ್ಲ ಸಂಪ್ರದಾಯದವರೂ ನೆನಪಿನಲ್ಲಿಡುವುದು ಅವಶ್ಯಕ.