ಆಳದ ಸುದ್ದಿ ತಂದ ಕಲ್ಲುಗಳು

ಮಕ್ಕಳೇ, ಮಳೆ ನಿಂತ ಮೇಲೆ ಕೌಜಲಗಿ ಕಡೆಯ ಹಳ್ಳದಲ್ಲಿ ಹೊಳೆಯುವ ಬಿಳಿ ಕಲ್ಲು ಸಿಕ್ಕರೆ, "ಸರ್, ಇದು ವಜ್ರವೇ?" ಎಂದು ಕೇಳುತ್ತೀರಿ. ಅದು ಸಾಮಾನ್ಯವಾಗಿ ಬೆಣಚುಕಲ್ಲು. ಆದರೂ ನಿಮ್ಮ ಪ್ರಶ್ನೆ ಒಳ್ಳೆಯದು. ನಮ್ಮ ಎರೆಮಣ್ಣು ಹುಟ್ಟಿದ್ದು ಜ್ವಾಲಾಮುಖಿಯ ಕಲ್ಲಿನಿಂದ. ವಜ್ರ ಮೇಲೆ ಬರುವುದೂ ಜ್ವಾಲಾಮುಖಿಯ ಮೂಲಕವೇ. ಹಾಗಾದರೆ ನಮ್ಮ ಹೊಲದಲ್ಲಿ ವಜ್ರ ಏಕಿಲ್ಲ?

ಆಳವೇ ಉತ್ತರ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರ ಪದರವಾಗಿ ಹರಡಿ ಬಸಾಲ್ಟ್ ಕಲ್ಲಾಯಿತು. ಅದು ಸವೆದು ಎರೆಮಣ್ಣಾಯಿತು. ಆ ಲಾವಾ ವಜ್ರ ಇರುವಷ್ಟು ಆಳದಿಂದ ಬಂದದ್ದಲ್ಲ. ವಜ್ರ ಉಂಟಾಗಲು ಸುಮಾರು 150 ಕಿ.ಮೀ. ಅಥವಾ ಅದಕ್ಕೂ ಹೆಚ್ಚಿನ ಆಳದ ಒತ್ತಡ ಬೇಕು. ಬೆಳಗಾವಿಯಿಂದ ಹುಬ್ಬಳ್ಳಿಗಿರುವ ದೂರಕ್ಕಿಂತ ಇದು ಹೆಚ್ಚು! ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದರ ಆಳ 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾವು ಹೋಗಲಾಗದ ಜಾಗದ ತುಣುಕುಗಳನ್ನು ಮೇಲೆ ತರುವ ಕಲ್ಲೇ ಕಿಂಬರ್ಲೈಟ್. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಎಂಬ ಊರಿನಿಂದ ಇದಕ್ಕೆ ಈ ಹೆಸರು ಬಂತು.

ಗೋಲಿ ಸೋಡಾದ ಹಾಗೆ

ಭೂಮಿಯ ಒಳಗಿನ ಮ್ಯಾಂಟಲ್ ಪದರ ಬಹಳ ಬಿಸಿ. ಆದರೂ ಒತ್ತಡದಿಂದಾಗಿ ಅಲ್ಲಿನ ಕಲ್ಲು ಗಟ್ಟಿಯಾಗಿಯೇ ಇರುತ್ತದೆ. ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಬೆರೆಸುವುದನ್ನು ನೋಡಿದ್ದೀರಲ್ಲವೇ? ಉಪ್ಪು ಬೆರೆತ ಮಂಜುಗಡ್ಡೆ ಕಡಿಮೆ ಉಷ್ಣಾಂಶದಲ್ಲೇ ಕರಗುತ್ತದೆ. ಹಾಗೆಯೇ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಅಂಶ ಸೇರಿದಾಗ ಮ್ಯಾಂಟಲ್ಲಿನ ಕಲ್ಲು ಸ್ವಲ್ಪ ಸ್ವಲ್ಪ ಕರಗಿ ಶಿಲಾಪಾಕವಾಗುತ್ತದೆ. ಅದು ಮೇಲೇರಿದಂತೆ ಒತ್ತಡ ಕಡಿಮೆಯಾಗಿ, ಗೋಲಿ ಸೋಡಾ ಒಡೆದಂತೆ ಅನಿಲ ಭುಸ್ಸೆಂದು ಹೊರಬರುತ್ತದೆ. ಆ ರಭಸಕ್ಕೆ ನೆಲ ಸಿಡಿದು, ಗಜ್ಜರಿಯ ಆಕಾರದ ಕೊಳವೆ ಉಂಟಾಗುತ್ತದೆ. ಅದರೊಳಗೆ ಗಟ್ಟಿಯಾದ ಕಲ್ಲೇ ಕಿಂಬರ್ಲೈಟ್.

ನೆನಪಿಡಿ: ವಜ್ರ ಕಿಂಬರ್ಲೈಟಿನಲ್ಲಿ ಹುಟ್ಟಿದ್ದಲ್ಲ. ಅದು ಬಸ್ಸು ಹತ್ತಿದ ಪ್ರಯಾಣಿಕನಂತೆ. ದಾರಿಯಲ್ಲಿ ಸಿಕ್ಕ ವಜ್ರವನ್ನು ಶಿಲಾಪಾಕ ಹೊತ್ತು ತರುತ್ತದೆ. ಬಸ್ಸು ನಿಧಾನವಾದರೆ ವಜ್ರ ಕರಗಿಹೋಗಬಹುದು, ಇಲ್ಲವೇ ಪೆನ್ಸಿಲಿನಲ್ಲಿರುವ ಗ್ರಾಫೈಟ್ ಆಗಬಹುದು. ವಜ್ರವಿಲ್ಲದ ಕಿಂಬರ್ಲೈಟುಗಳೇ ಹೆಚ್ಚು.

ನಮಗೆ ಹತ್ತಿರದಲ್ಲಿ

ಗೋಕಾಕದಲ್ಲಿ ಧುಮುಕುವ ಘಟಪ್ರಭೆಯ ನೀರು ಕೃಷ್ಣೆಯನ್ನು ಸೇರಿ ರಾಯಚೂರು ಸೀಮೆಗೆ ಹೋಗುತ್ತದೆ. ಅಲ್ಲಿ, ಕೃಷ್ಣಾ-ಭೀಮಾ ಸಂಗಮದ ಸುತ್ತಮುತ್ತ, ಕಿಂಬರ್ಲೈಟ್ ಇದೆ. ಬಳ್ಳಾರಿಗೆ ನೆರೆಯ ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಎಂಬ ಊರಿದೆ. ಹೆಸರಲ್ಲೇ ವಜ್ರ! ಅಲ್ಲಿನ ಅನೇಕ ಕಿಂಬರ್ಲೈಟ್ ಕೊಳವೆಗಳ ವಯಸ್ಸು ಸುಮಾರು 110 ಕೋಟಿ ವರ್ಷ. ಜ್ವಾಲಾಮುಖಿಯ ಮೇಲ್ಭಾಗವೆಲ್ಲ ಸವೆದುಹೋಗಿ, ಈಗ ಬೇರು ಮಾತ್ರ ಉಳಿದಿದೆ. ಮಳೆ ಬಿದ್ದ ಮೇಲೆ ಆ ಕಡೆಯ ಹೊಲಗಳಲ್ಲಿ ಜನ ಇಂದಿಗೂ ವಜ್ರ ಹುಡುಕುತ್ತಾರೆ.

ಬೆಂಕಿಯಿಂದ ಬಂದ ಸುಣ್ಣ

ಯಾದವಾಡ ಕಡೆಯ ಸುಣ್ಣಕಲ್ಲು ನಿಮಗೆ ಗೊತ್ತು. ಅದು ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ್ದು. ಆದರೆ ಜ್ವಾಲಾಮುಖಿಯಿಂದ ಬಂದ ಸುಣ್ಣದಂಥ ಕಲ್ಲೂ ಇದೆ! ಅದೇ ಕಾರ್ಬೊನಟೈಟ್. ಇದರ ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಲ್ಸೈಟಿನಂಥ ಕಾರ್ಬೊನೇಟ್ ಖನಿಜಗಳು. ಇದರ ಮೂಲವೂ ಮ್ಯಾಂಟಲ್ಲೇ. ಕೆಲವೊಮ್ಮೆ ನೀರಿನಿಂದ ಎಣ್ಣೆ ಬೇರೆಯಾಗುವಂತೆ, ಬೇರೊಂದು ಶಿಲಾಪಾಕದಿಂದ ಈ ಪಾಕ ಬೇರೆಯಾಗುತ್ತದೆ. ಕಾವೇರಿ ದಂಡೆಯ ಹೊಗೇನಕಲ್ ಬಳಿ ಇರುವ ಕಾರ್ಬೊನಟೈಟಿನ ವಯಸ್ಸು ಸುಮಾರು 240 ಕೋಟಿ ವರ್ಷ. ಇಂಥ ಲಾವಾ ಉಗುಳುವ ಜೀವಂತ ಜ್ವಾಲಾಮುಖಿ ಜಗತ್ತಿನಲ್ಲಿ ಒಂದೇ ಇದೆ. ಅದು ಟಾಂಜಾನಿಯಾದ ಓಲ್ ಡೊಯ್ನ್ಯೊ ಲೆಂಗಾಯ್. ಬಸಾಲ್ಟ್ ಲಾವಾದ ಉಷ್ಣಾಂಶ 1,100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇದ್ದರೆ, ಇದರದು ಸುಮಾರು 500ರಿಂದ 600 ಡಿಗ್ರಿ ಮಾತ್ರ.

ಫೋನಿನ ಸ್ಪೀಕರ್‌ನ ಅಯಸ್ಕಾಂತಕ್ಕೆ ಬೇಕಾದ ವಿರಳ ಭೂಧಾತುಗಳು ಹೆಚ್ಚಾಗಿ ದೊರೆಯುವುದು ಕಾರ್ಬೊನಟೈಟಿನಲ್ಲಿ. ಆದ್ದರಿಂದ ಇದನ್ನು ಬರಿಯ ಸುಣ್ಣಕಲ್ಲೆಂದು ತಿಳಿದು ಬಿಟ್ಟರೆ ದೊಡ್ಡ ನಷ್ಟ.

ಮಾಡಿ ನೋಡಿ

ಸುಣ್ಣಕಲ್ಲನ್ನು ಮೊಳೆಯಿಂದ ಗೀರಿ, ಉದುರಿದ ಪುಡಿಯ ಮೇಲೆ ನಿಂಬೆರಸ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಹೊಗೇನಕಲ್ಲಿನ ಕಾರ್ಬೊನಟೈಟಿನ ಪುಡಿಗೆ ಹಾಕಿದರೂ ಹೀಗೆಯೇ ಗುಳ್ಳೆ ಏಳುತ್ತದೆ. ಹಾಗಾದರೆ ಸಮುದ್ರದ ಕಲ್ಲು ಯಾವುದು, ಬೆಂಕಿಯ ಕಲ್ಲು ಯಾವುದು? ಗುಳ್ಳೆಯೊಂದೇ ಹೇಳದು. ಕಲ್ಲು ಪದರವಾಗಿದೆಯೇ, ಬೇರೆ ಕಲ್ಲನ್ನು ಸೀಳಿಕೊಂಡು ಬಂದಿದೆಯೇ, ಅದರಲ್ಲಿ ಇನ್ನೇನು ಖನಿಜಗಳಿವೆ ಎಂದು ನೋಡಬೇಕು. ಮುಂದಿನ ಸಲ ಹಳ್ಳದಲ್ಲಿ ಕಲ್ಲು ಸಿಕ್ಕಾಗ "ಇದು ವಜ್ರವೇ?" ಎಂದಷ್ಟೇ ಕೇಳಬೇಡಿ. "ಇದು ಎಲ್ಲಿಂದ ಬಂತು?" ಎಂದೂ ಕೇಳಿ.