ಪಕ್ಕದ ಗೇಟಿನ ಬಣ್ಣ, ನಮ್ಮ ಬಾನೆಟ್ಟಿನ ಪಾಲು

ಗೇಟಿಗೆ ಬಣ್ಣ ಹೊಡೆಯಲು ಬಂದವನ ಕೈಯಲ್ಲಿ ಬ್ರಷ್ಷಿನ ಬದಲು ಗನ್ ಇತ್ತೆಂದರೆ, ಪಕ್ಕದಲ್ಲಿ ನಿಂತ ಕಾರಿಗೂ ಒಂದು ಪಾಲು ಬಿತ್ತೆಂದೇ ಲೆಕ್ಕ. ಕಣ್ಣಿಗೆ ಬೀಳುವುದು ಕಡಿಮೆ. ತೊಳೆದು ಒರೆಸಿದ ಬಾನೆಟ್ ಮೇಲೆ ಅಂಗೈ ಆಡಿಸಿದಾಗ ಗೊತ್ತಾಗುತ್ತದೆ, ಮೇಲ್ಮೈಯೆಲ್ಲ ಒರಟು. ಕೈಗೊಂದು ತೆಳು ಪ್ಲಾಸ್ಟಿಕ್ ಕವರ್ ತೊಟ್ಟು ಸವರಿದರಂತೂ ಒಂದೊಂದು ಚುಕ್ಕೆಯೂ ಬೆರಳಿಗೆ ಎಡವುತ್ತದೆ. ಬಣ್ಣಕ್ಕೆ ಹೀಗೆ ಹಾರುವ ಬುದ್ಧಿ ಬಂದು ಹೆಚ್ಚೆಂದರೆ ನೂರಮೂವತ್ತು, ನೂರನಲವತ್ತು ವರ್ಷ. ಅದನ್ನು ಗಾಯ ಮಾಡದೆ ಕೀಳುವ ವಿದ್ಯೆ ಬಂದದ್ದು ತೀರಾ ಈಚೆಗೆ.

ಬಣ್ಣ ಹಾರಿಸುವ ಯಂತ್ರಕ್ಕೆ ಎರಡು ತವರು. ಒಂದು ಚಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿ. ಅದರ ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಬಳಿಸಿ ಬಳಿಸಿ ಬೇಸತ್ತ ಜೋಸೆಫ್ ಬಿಂಕ್ಸ್ 1880ರ ದಶಕದಲ್ಲಿ ಪಂಪ್ ಹಚ್ಚಿ ಸುಣ್ಣ ಚಿಮುಕಿಸಿದ. 1893ರ ಚಿಕಾಗೋ ವಿಶ್ವಮೇಳ ತೆರೆಯುವ ಮೊದಲು ಅಲ್ಲಿನ ಭಾರಿ ಕಟ್ಟಡಗಳನ್ನು ಬ್ರಷ್ಷಿನಲ್ಲಿ ಮುಗಿಸಲಾಗದೆ ಹೀಗೇ ಚಿಮುಕಿಸಿ ಬಿಳಿ ಮಾಡಿದರು. (ನಮಗೆ ಆ ಮೇಳ ನೆನಪಿರುವುದು ಬೇರೆ ಕಾರಣಕ್ಕೆ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದರ ಅಂಗವಾಗಿಯೇ.) ಇನ್ನೊಂದು ತವರು ಒಹಾಯೋದ ಟೊಲೀಡೊ ಊರು. ಅಲ್ಲಿಯ ವೈದ್ಯ ಅಲನ್ ಡಿವಿಲ್ಬಿಸ್ ಗಂಟಲಿಗೆ ಔಷಧಿ ಸಿಂಪಡಿಸಲೆಂದು ರಬ್ಬರ್ ಉಂಡೆ ಒತ್ತುವ ಪುಟ್ಟ ಸಾಧನ ಮಾಡಿದ್ದರು. ಮಗ ಥಾಮಸ್ 1907ರಲ್ಲಿ ಅದೇ ತತ್ವಕ್ಕೆ ಹಿಡಿಕೆ ಜೋಡಿಸಿ ಬಣ್ಣದ ಗನ್ ಮಾಡಿದ.

ಕಾರಿನ ಕಾರ್ಖಾನೆಗಳಿಗೆ ಆ ಗನ್ ಕೂಡಲೇ ಬೇಕಾಗಲಿಲ್ಲ. ಆಗಿನ ವಾರ್ನಿಷ್ ಬಣ್ಣಗಳನ್ನು ಕೈಯಲ್ಲೇ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತ ಒಂದು ಕಾರಿಗೆ ವಾರಗಳೇ ಹಿಡಿಯುತ್ತಿದ್ದವು. ಆಟ ಬದಲಾದದ್ದು ಡ್ಯೂಪಾಂಟ್ ಕಂಪನಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ. ಅದರ ಹೆಸರು ಡ್ಯೂಕೋ. ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರು 1924ರ ಮಾಡೆಲ್ಲಿಗೆ ಅದನ್ನು ಹೊಡೆಸಿಕೊಂಡು ನೀಲಿಯಾಗಿ ಬೀದಿಗೆ ಬಂತು. ಡ್ಯೂಕೋ ಎಷ್ಟು ಬೇಗ ಒಣಗುತ್ತಿತ್ತೆಂದರೆ ಬ್ರಷ್ ಎಳೆದರೆ ಗೆರೆ ಗೆರೆಯಾಗಿ ನಿಂತುಬಿಡುತ್ತಿತ್ತು. ಗನ್ ಇಲ್ಲದೆ ಅದಕ್ಕೆ ಗತಿಯಿರಲಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಯಾವ ಕಂಪನಿಯ ಯಾವ ಬಣ್ಣವಾದರೂ ಗನ್ನಿನಲ್ಲಿ ಹೊಡೆದರೆ ಅದು ‘ಡ್ಯೂಕೋ’ ಕೆಲಸವೇ.

ಗನ್ನಿನ ಜೊತೆಗೇ ತಲೆನೋವೂ ಬಂತು. ಎರಡು ಬಣ್ಣದ ಕಾರುಗಳು ಫ್ಯಾಷನ್ ಆದಾಗ ಒಂದು ಬಣ್ಣ ಇನ್ನೊಂದರ ಮೇಲೆ ಹಾರದಂತೆ ಕಾಗದ ಅಂಟಿಸುತ್ತಿದ್ದರು. ಅಂಟು ಗಟ್ಟಿಯಾಗಿ, ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಸೇಂಟ್ ಪಾಲ್ ಊರಿನ ಗ್ಯಾರೇಜೊಂದರಲ್ಲಿ ಪೇಂಟರುಗಳ ಈ ಪಾಡು ಕಂಡ 3ಎಂ ಕಂಪನಿಯ ರಿಚರ್ಡ್ ಡ್ರೂ, 1925ರಲ್ಲಿ ಮಾಸ್ಕಿಂಗ್ ಟೇಪ್ ತಯಾರಿಸಿದ. ಟೇಪಿನ ಜೊತೆಗೆ ಹಳೆಯ ದಿನಪತ್ರಿಕೆ ಸೇರಿದರೆ ಈಗಲೂ ಗ್ಯಾರೇಜಿನ ರಕ್ಷಣಾ ವ್ಯವಸ್ಥೆ ಪೂರ್ಣ. ನೀವು ಓದುತ್ತಿರುವ ಈ ಪುಟವೂ ಮುಂದಿನ ತಿಂಗಳು ಯಾವುದೋ ಕಾರಿನ ಗಾಜಿಗೆ ಅಂಟಿಕೊಂಡಿರಬಹುದು.

ಆದರೆ ಟೇಪು ಕಾಯುವುದು ಎದುರಿಗಿರುವ ಕಾರನ್ನು ಮಾತ್ರ. ಹಳೆಯ ಬಗೆಯ ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಿಗೆ ತಾಗುವುದೇ ಇಲ್ಲ. ಜೋರು ಗಾಳಿ ತಗಡಿಗೆ ಬಡಿದು ವಾಪಸ್ ಸಿಡಿಯುವಾಗ ಹಗುರ ಹನಿಗಳನ್ನೂ ಹೊತ್ತೊಯ್ಯುತ್ತದೆ. ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ ಗಾಳಿಯ ಒತ್ತಡಕ್ಕೇ ಕಡಿವಾಣ ಹಾಕಿತು. ಗನ್ನಿನ ಮೂತಿಯಲ್ಲಿ 10 ಪಿಎಸ್‌ಐಗಿಂತ ಹೆಚ್ಚು ಒತ್ತಡ ಕೂಡದು, ಬಣ್ಣದಲ್ಲಿ ಕನಿಷ್ಠ ಶೇಕಡಾ 65ರಷ್ಟು ಗುರಿ ಸೇರಬೇಕು ಎಂಬುದು ಅಲ್ಲಿಂದ ಬಂದ ಅಳತೆ. ಅಷ್ಟಾದರೂ ಮೂರರಲ್ಲೊಂದು ಪಾಲು ಗಾಳಿಗೇ ಹೋಗಬಹುದು!

ಹಾರಿದ ಹನಿ ಎಷ್ಟು ಗಟ್ಟಿಯಾಗಿ ಕೂರುತ್ತದೆ ಎನ್ನುವುದು ಬಣ್ಣದ ಜಾತಿಯನ್ನು ನೋಡಿಕೊಂಡು. ಲ್ಯಾಕರ್ ದಾರಿಯಲ್ಲೇ ಒಣಗಿ ಬಹುಪಾಲು ಪುಡಿಯಾಗಿ ಬೀಳುತ್ತದೆ, ಒರೆಸಿದರೆ ಹೋದೀತು. ಗ್ರಿಲ್ಲು ಗೇಟಿಗೆ ಹೊಡೆಯುವ ಆಯಿಲ್ ಪೇಂಟ್ ನಿಧಾನಿ. ಹಸಿಯಾಗಿಯೇ ದೂರ ತೇಲಿ ಬಂದು ಕೂತು, ಆಮೇಲೆ ಪುರುಸೊತ್ತಿನಲ್ಲಿ ಗಟ್ಟಿಯಾಗುತ್ತದೆ. ಹಾರ್ಡ್‌ನರ್ ಬೆರೆಸಿದ ಪಿಯು (ಪಾಲಿಯುರೆಥೇನ್) ಬಣ್ಣದ ಹನಿಯಂತೂ ರಾಸಾಯನಿಕವಾಗಿ ಬಲಿತ ಮೇಲೆ ತಿನ್ನರಿಗೂ ಜಗ್ಗುವುದು ಕಷ್ಟ.

ಹಿಂದೆ ಇದಕ್ಕೆಲ್ಲ ಒಂದೇ ಮದ್ದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಗಸಗಸ ಉಜ್ಜುವುದು. ಲ್ಯಾಕರ್ ಕಾಲದಲ್ಲಿ ಅದು ನಡೆಯಿತು. ಹೊಸ ಕಾರಿನ ಹೊಳಪು ತರುತ್ತಿದ್ದುದೇ ಹಾಗೆ ಉಜ್ಜಿ, ತುಸು ಸವೆದರೂ ಕೆಳಗೆ ಅದೇ ಬಣ್ಣ. 1980ರ ದಶಕದಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಹೊದಿಸುವ ಪದ್ಧತಿ ಹಬ್ಬಿದಾಗ ಲೆಕ್ಕ ತಪ್ಪಿತು. ಆ ಪದರದ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದು ಅದೇ. ಸಾವಿರ ಚುಕ್ಕೆ ತೆಗೆಯಲು ಹೋಗಿ ಅದನ್ನೇ ಕೆರೆದು ಹಾಕಿದರೆ ಕಾರು ಉಳಿದೀತೆ?

ಉತ್ತರ ಬಂದದ್ದು ಜಪಾನಿನಿಂದ. ತಡಾವೊ ಕೊಡಾಟೆ ಎಂಬವರು 1990ರ ದಶಕದಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ದಾಖಲೆಯಲ್ಲಿ ಅವರ ವಸ್ತು ಬಾಗುವ, ಬಳುಕುವ ಒಂದು ಸಾಣೆಕಲ್ಲು. ಅಂಗಡಿಯಲ್ಲಿ ಅದು ಕ್ಲೇ ಬಾರ್, ಆದರೆ ಜೇಡಿಮಣ್ಣಲ್ಲ. ಮೆತ್ತನೆಯ ಸಿಂಥೆಟಿಕ್ ರಾಳದೊಳಗೆ ಅತಿ ಸಣ್ಣ ಅರೆಯುವ ಕಣಗಳನ್ನು ನಾದಿದ ಮುದ್ದೆ. ಬಳಸುವಾಗ ಅದನ್ನು ಚಪ್ಪಟೆಯಾಗಿ ತಟ್ಟಿ, ಬಾನೆಟ್ಟಿಗೆ ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಬೇಕು. ಸಮತಟ್ಟಾದ ಬಣ್ಣದ ಮೇಲೆ ನೀರಿನ ಪದರ ಇರುವುದರಿಂದ ಮುದ್ದೆ ಅಲ್ಲಿ ತೇಲಿ ಹೋಗುತ್ತದೆ, ಎದ್ದು ನಿಂತ ಚುಕ್ಕೆಗೆ ಮಾತ್ರ ತಾಗಿ ಅದನ್ನು ಕತ್ತರಿಸಿ ಒಳಗೆಳೆದುಕೊಳ್ಳುತ್ತದೆ. ಮೊದಮೊದಲು ಕೈಗೆ ತಡೆ ಸಿಗುತ್ತದೆ, ಸರಸರ ಸದ್ದೂ ಬರುತ್ತದೆ. ಸದ್ದು ನಿಂತು ಮುದ್ದೆ ತಾನಾಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಕೊಳೆ ಹತ್ತಿದ ಮುಖವನ್ನು ಒಳಮಡಚಿ, ಹೊಸ ಮುಖ ತೆಗೆದು ಮುಂದಿನ ಜಾಗಕ್ಕೆ ಹೋಗುವುದು. ಕೈತಪ್ಪಿ ನೆಲಕ್ಕೆ ಬಿದ್ದ ಮುದ್ದೆಯನ್ನು ಮರುಮಾತಿಲ್ಲದೆ ಎಸೆಯಬೇಕು. ಹತ್ತಿದ ಒಂದು ಮರಳಿನ ಕಣ ಸಾಕು, ಬಾನೆಟ್ ಉದ್ದಕ್ಕೂ ಗೀರು ಬರೆಯುತ್ತದೆ. ಕೆಲಸ ಮುಗಿದಾಗ ಹಳೆಯ ವ್ಯಾಕ್ಸೂ ಹೋಗಿರುವುದರಿಂದ ಹೊಸದಾಗಿ ಹಚ್ಚಬೇಕು.

ಬೆಂಗಳೂರಿನ ಜೆ.ಸಿ. ರೋಡಿನಿಂದ ಹಿಡಿದು ಈಗ ಕಾರಿನ ಸಾಮಾನು ಮಾರುವಲ್ಲೆಲ್ಲ ಕ್ಲೇ ಬಾರ್ ಕೇಳಬಹುದು. ಆದರೂ ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಸಿದ ಮರುದಿನ ಪಾರ್ಕಿಂಗಿನಲ್ಲಿ ಎಲ್ಲರ ಬಾಯಲ್ಲೂ ಬರುವುದು ತಿನ್ನರ್. ಅದು ಅಪಾಯ. ಪಾಲಿಕಾರ್ಬೊನೇಟಿನ ಹೆಡ್‌ಲೈಟ್ ಮೇಲೆ ಬಿದ್ದರೆ ಮಂಕಾಗಿ ಸಣ್ಣ ಬಿರುಕು ಬಿಡುತ್ತದೆ, ಗ್ಯಾರೇಜಿನಲ್ಲಿ ಲ್ಯಾಕರ್ ಹೊಡೆಸಿದ ಬಾಗಿಲಿದ್ದರೆ ಆ ಬಣ್ಣವೇ ಕರಗಿ ಬರುತ್ತದೆ. ಗೋಡೆಯ ಎಮಲ್ಷನ್ ನೀರಿನಲ್ಲಿ ಕಲಸಿದ್ದು. ಅದೇ ದಿನ ಒದ್ದೆ ಬಟ್ಟೆ ಹೊದಿಸಿ ನೆನೆಸಿಟ್ಟರೆ ಬಹುಪಾಲು ಬಿಟ್ಟುಕೊಡುತ್ತದೆ. ಆಯಿಲ್ ಪೇಂಟಿಗೂ ಮೊದಲ ಕೆಲವು ಗಂಟೆ ಟರ್ಪೆಂಟೈನ್ ತಾಗಿಸಿದ ಬಟ್ಟೆ ಸಾಕಾಗುತ್ತದೆ. ವಾರ ಕಳೆದ ಮೇಲೆ ಎರಡಕ್ಕೂ ಕ್ಲೇ ಬಾರೇ ದಿಕ್ಕು. ಬಂಪರಿನ ಕೆಳಗಿನ ತರಿತರಿಯಾದ ಕಪ್ಪು ಪ್ಲಾಸ್ಟಿಕ್ ಮೇಲೆ ಅದೂ ನಡೆಯದು. ಆ ತರಿಗಳ ಸಂದಿಯಲ್ಲಿ ಇಳಿದು ಕೂತ ಬಣ್ಣವನ್ನು ಮುದ್ದೆ ಮುಟ್ಟಲಾರದು. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು, ಒಂದು ಭಾನುವಾರದ ಮಧ್ಯಾಹ್ನ ಮೀಸಲಿಡಬೇಕು.